ಯಾವ ಊರಲ್ಲಿದ್ದರೆ ಎದೆ ಉಳಿಯುತ್ತೆ? ಅಮೆರಿಕದ ಒಂದು ಹಳೇ ಲೆಕ್ಕ

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಅಕ್ಟೋಬರ್ ಬಂತು ಅಂದ್ರೆ ಎಲ್ಲ ಕಡೆ ಗುಲಾಬಿ ರಿಬ್ಬನ್. ಸ್ತನ ಕ್ಯಾನ್ಸರ್ ಜಾಗೃತಿ ಮಾಸ. ನನ್ನ ಫೋನಿಗೂ ದಿನಕ್ಕೆ ನಾಲ್ಕು ಮೆಸೇಜ್ ಬರ್ತವೆ, ಬೇಗ ಪತ್ತೆ ಹಚ್ಚಿ, ಜೀವ ಉಳಿಸಿ ಅಂತ. ತಪ್ಪೇನಿಲ್ಲ. ಪತ್ತೆ ಹಚ್ಚಿದ ಮೇಲೆ ಏನಾಗುತ್ತೆ, ಅದನ್ನ ಯಾರು ತೀರ್ಮಾನ ಮಾಡ್ತಾರೆ ಅನ್ನೋದು ಮಾತ್ರ ಆ ಮೆಸೇಜುಗಳಲ್ಲಿ ಇರಲ್ಲ.

ನನ್ನ ದೊಡ್ಡವ್ವನಿಗೆ ಹನ್ನೊಂದು ವರ್ಷದ ಹಿಂದೆ ಎಡಗಡೆ ಎದೆಯಲ್ಲಿ ಗಂಟು ಕಾಣಿಸಿತು. ಆಪರೇಷನ್ ಮಾಡಿ ಪೂರ್ತಿ ತೆಗೆದರು. ಆಸ್ಪತ್ರೆ ಹೆಸರು ಬೇಡ, ಆ ಆಸ್ಪತ್ರೆ ಮೇಲೆ ದೂರು ಹೇಳೋಕೆ ಬರೀತಿಲ್ಲ. ಆಗ ನಾನು ಊರಲ್ಲಿರಲಿಲ್ಲ. ಆಮೇಲೆ ಬಂದು ಕೇಳಿದಾಗ ದೊಡ್ಡವ್ವ ಹೇಳಿದ್ದು ಇಷ್ಟೇ: "ಯಾರೂ ಏನೂ ಕೇಳ್ನಿಲ್ಲ ಕನವ್ವ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತುದೆ. ಎದ್ದು ನೋಡುದ್ರೆ ಇಲ್ಲ."

ಎರಡು ವರ್ಷ ಬಿಟ್ಟು ಚೆಕಪ್‌ಗೆ ನಾನೇ ಕರಕೊಂಡು ಹೋಗಿದ್ದೆ. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸಿಕ್ಕಿದ್ರು, ಒಳ್ಳೆಯವರೇ. ಗಂಟು ಮಾತ್ರ ತೆಗೆದು ಎದೆ ಉಳಿಸೋಕೆ ಆಗ್ತಿರಲಿಲ್ವಾ ಸಾರ್ ಅಂತ ಕೇಳಿದೆ. ಅವರು ಫೈಲ್ ತಿರುವಿ ಹಾಕಿ ಅಂದ್ರು: "ಉಳಿಸಿದ್ರೆ ಐದಾರು ವಾರ ದಿನಾ ಬಂದು ಕರೆಂಟ್ ತಗೋಬೇಕಮ್ಮ. ಇವರು ಬರಲ್ಲ. ಅದಕ್ಕೇ ಪೂರ್ತಿ ತೆಗೆದುಬಿಡೋದು."

ಇವರು ಬರಲ್ಲ. ನಲವತ್ತು ವರ್ಷ ಬೆಳಗ್ಗೆ ಆರಕ್ಕೆ ಎದ್ದು ಕಂಡವರ ಹೊಲಕ್ಕೆ ಒಂದು ದಿನ ತಪ್ಪಿಸದೆ ಹೋದ ಹೆಂಗಸಿನ ಬಗ್ಗೆ ಆ ಮಾತು. ಬಸ್‌ಚಾರ್ಜ್ ಎಷ್ಟು, ಉಳಿಯೋಕೆ ಜಾಗ ಇದೆಯಾ, ಕೂಲಿ ಹೋದ್ರೆ ಏನು ಮಾಡ್ತೀರಿ ಅಂತ ಒಬ್ಬರೂ ಕೇಳಿರಲಿಲ್ಲ. ಉತ್ತರ ಮಾತ್ರ ಮೊದಲೇ ರೆಡಿ ಇತ್ತು.

ನಾನು ಡಾಕ್ಟರಲ್ಲ. ಆದ್ರೆ ಆ ಮಾತು ಬಿಡಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಚರಿತ್ರೆ. ನಮ್ಮ ಕೇರಿಯ ಕಥೆಗೆ ಅಮೆರಿಕ ಯಾಕಪ್ಪ ಅಂದ್ರೆ, ಯಾವ ಊರಿನ ಹೆಂಗಸಿಗೆ ಯಾವ ಆಪರೇಷನ್ ಆಯ್ತು ಅಂತ ದೇಶಪೂರ್ತಿ ಲೆಕ್ಕ ಹಾಕಿ ಬಯಲಿಗಿಟ್ಟ ದೇಶ ಅದು. ಇನ್ನೊಂದು, ಅಲ್ಲಿನ ಕರಿಯರ ಚರಿತ್ರೆ ಓದೋದು ನಮಗೆ ಹೊಸದಲ್ಲ. 1946ರಲ್ಲಿ ಬಾಬಾಸಾಹೇಬರು ಡು ಬೋಯಿಸ್ ಅವರಿಗೆ ಪತ್ರ ಬರೆದಿದ್ದರು.

ಮೊದಲಿಂದ ಹೇಳ್ತೀನಿ. ಬಾಲ್ಟಿಮೋರ್ ಅನ್ನೋ ಊರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ. ಅಲ್ಲಿನ ದೊಡ್ಡ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್. 1894ರಲ್ಲಿ ಆತ ತಾನು ಮಾಡಿದ 50 ಆಪರೇಷನ್‌ಗಳ ವರದಿ ಪ್ರಕಟಿಸಿದ. ಕ್ಯಾನ್ಸರ್ ಎದೆಯಿಂದ ಸುತ್ತಲೂ ನಿಧಾನಕ್ಕೆ ಹರಡುತ್ತೆ, ಆದ್ದರಿಂದ ಎಷ್ಟು ಅಗಲವಾಗಿ ಕತ್ತರಿಸಿದ್ರೆ ಅಷ್ಟು ಒಳ್ಳೇದು ಅನ್ನೋದು ಅವನ ನಂಬಿಕೆ. ಎದೆ, ಅದರ ಕೆಳಗಿನ ಮಾಂಸಖಂಡ, ಕಂಕುಳಿನ ಗಂಟುಗಳು, ಎಲ್ಲ ಒಟ್ಟಿಗೆ ತೆಗೆಯೋದು. ಆದ ಮೇಲೆ ಪಕ್ಕೆಲುಬಿನ ಮೇಲೆ ಬರೀ ಚರ್ಮ. ಕೈ ಊದಿಕೊಳ್ಳುತ್ತೆ, ಮೇಲಕ್ಕೆ ಎತ್ತೋದು ಕಷ್ಟ. ಹೆಂಗಸರು ಇದನ್ನ ಸಹಿಸಿಕೊಂಡರು, ಬೇರೆ ದಾರಿ ಇದೆ ಅಂತ ಯಾರೂ ಹೇಳಲಿಲ್ಲವಲ್ಲ.

ಹಾಲ್‌ಸ್ಟೆಡ್ ಕೆಟ್ಟವನು ಅಂತ ಬರೆದು ಮುಗಿಸೋದು ಸುಲಭ. ಅವನ ಕಾಲದಲ್ಲಿ ಗಂಟುಗಳು ಬಹಳ ದೊಡ್ಡದಾದ ಮೇಲೇ ಹೆಂಗಸರು ಬರ್ತಿದ್ರು, ಸುಮ್ಮನೆ ಬಿಟ್ಟರೆ ಅಲ್ಲೇ ಮತ್ತೆ ಹುಣ್ಣಾಗ್ತಿತ್ತು. ಅದನ್ನ ಆತ ಎಷ್ಟೋ ಕಡಿಮೆ ಮಾಡಿದ. ತೊಂದರೆ ಆಗಿದ್ದು ಆಮೇಲೆ. ಅವನ ಕೈಕೆಳಗೆ ಪಳಗಿದ ಸರ್ಜನ್‌ಗಳು ದೇಶದ ಬೇರೆ ಬೇರೆ ಮೆಡಿಕಲ್ ಕಾಲೇಜುಗಳಿಗೆ ಮುಖ್ಯಸ್ಥರಾಗಿ ಹೋದರು. ಅವರು ತಮ್ಮ ಶಿಷ್ಯರಿಗೆ ಅದನ್ನೇ ಕಲಿಸಿದರು. ಗುರುಪರಂಪರೆ ಅಂತೀವಲ್ಲ, ಅದೇ. ನಮ್ಮ ಜನಕ್ಕೆ ಈ ಪದದ ತೂಕ ವಿವರಿಸಬೇಕಾಗಿಲ್ಲ. ಗುರು ಹೇಳಿದ್ದು, ಅದಕ್ಕೇ ಸರಿ. ಸುಮಾರು ಎಂಬತ್ತು ವರ್ಷ, ಚಿಕ್ಕ ಗಂಟಿಗೂ ದೊಡ್ಡ ಗಂಟಿಗೂ ಒಂದೇ ಕತ್ತಿ.

ಅದರಲ್ಲೂ ಒಂದು ಪದ್ಧತಿ ಇತ್ತು, ಓದಿದಾಗ ನನಗೆ ದೊಡ್ಡವ್ವನ ಹೆಬ್ಬೆಟ್ಟೇ ನೆನಪಾಯ್ತು. ಗಂಟು ಕ್ಯಾನ್ಸರ್ ಹೌದಾ ಅಲ್ವಾ ಅಂತ ನೋಡೋಕೆ ಹೆಂಗಸಿಗೆ ಅರಿವಳಿಕೆ ಕೊಡೋರು. ಒಂದು ಚೂರು ತೆಗೆದು ಪಕ್ಕದ ಕೋಣೆಯಲ್ಲಿ ಪರೀಕ್ಷೆ. ಹೌದು ಅಂತ ಬಂದರೆ ಎಬ್ಬಿಸೋ ಮಾತೇ ಇಲ್ಲ, ಹಾಗೇ ಮುಂದುವರಿಸಿ ಎದೆ ತೆಗೆಯೋದು. ಅದಕ್ಕೆಲ್ಲ ಸೇರಿಸಿ ಮೊದಲೇ ಸಹಿ ಮಾಡಿಸಿಕೊಂಡಿರ್ತಿದ್ರು. ಮಲಗುವಾಗ ಏನಾಗುತ್ತೋ ಗೊತ್ತಿಲ್ಲ, ಎದ್ದು ಮುಟ್ಟಿ ನೋಡಿಕೊಂಡಾಗಲೇ ತಿಳಿಯೋದು. ಓದಿದವರು, ಇಂಗ್ಲಿಷ್ ಮಾತೃಭಾಷೆಯವರು, ಬಿಳಿಯರು, ಅವರಿಗೂ ಇದೇ ಗತಿ.

ಪರಂಪರೆಯನ್ನ ಒಳಗಿಂದಲೇ ಪ್ರಶ್ನೆ ಮಾಡಿದವರು ಕೆಲವರಿದ್ದರು. ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಜಾರ್ಜ್ ಕ್ರೈಲ್ ಜೂನಿಯರ್ ಅನ್ನೋ ಸರ್ಜನ್ 1950ರ ದಶಕದಲ್ಲೇ ಹಾಲ್‌ಸ್ಟೆಡ್ ಆಪರೇಷನ್ ನಿಲ್ಲಿಸಿಬಿಟ್ಟ. ಚಿಕ್ಕ ಆಪರೇಷನ್ ಸಾಕು ಅಂತ ಬಹಿರಂಗವಾಗಿ ಬರೆದ, ಅದೂ ಡಾಕ್ಟರುಗಳ ಪತ್ರಿಕೆಯಲ್ಲಷ್ಟೇ ಅಲ್ಲ, ಸಾಮಾನ್ಯ ಜನ ಓದೋ ಹಾಗೆ ಪುಸ್ತಕ ಬರೆದ. ಜೊತೆಯ ಸರ್ಜನ್‌ಗಳು ಉರಿದುಬಿದ್ದರು. ಮನೆ ಮಾತು ಬೀದಿಗೆ ತಂದವನ ಮೇಲೆ ಬರೋ ಕೋಪ ಅದು. ಈ ಕ್ಲೀವ್‌ಲ್ಯಾಂಡ್ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಆಮೇಲೆ ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಷರ್. ಗುರು ಹೇಳಿದ್ದು ಬಿಡಿ, ಲೆಕ್ಕ ಹಾಕಿ ನೋಡೋಣ ಅಂದವನು. 1971ರಲ್ಲಿ ಒಂದು, 1976ರಲ್ಲಿ ಇನ್ನೊಂದು ದೊಡ್ಡ ಪ್ರಯೋಗ ಶುರು ಮಾಡಿದ. ಎರಡನೇದರಲ್ಲಿ 1,800ಕ್ಕೂ ಹೆಚ್ಚು ಹೆಂಗಸರು. ಯಾರಿಗೆ ಪೂರ್ತಿ ಎದೆ ತೆಗೆಯೋದು, ಯಾರಿಗೆ ಗಂಟು ಮಾತ್ರ, ಯಾರಿಗೆ ಗಂಟು ತೆಗೆದು ರೇಡಿಯೇಷನ್ ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. 1985ರಲ್ಲಿ ಫಲಿತಾಂಶ ಬಂತು. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವೇ ಇಲ್ಲ. ಇಪ್ಪತ್ತು ವರ್ಷ ಬಿಟ್ಟು ನೋಡಿದಾಗಲೂ ಇಲ್ಲ. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೋ ವೆರೊನೇಸಿ 701 ಹೆಂಗಸರ ಮೇಲೆ ಮಾಡಿದ ಪ್ರಯೋಗ 1981ರಲ್ಲೇ ಇದೇ ದಿಕ್ಕಿನ ಉತ್ತರ ಕೊಟ್ಟಿತ್ತು.

ಫಿಷರ್‌ನ ಲೆಕ್ಕದಲ್ಲಿ ಇನ್ನೊಂದು ಸಂಖ್ಯೆ ಇದೆ. ಈ ಇಡೀ ಕಥೆಯ ಬೀಗದ ಕೈ ಅದೇ. ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡದೆ ಬಿಟ್ಟರೆ ಇಪ್ಪತ್ತು ವರ್ಷದಲ್ಲಿ ಅದೇ ಎದೆಯಲ್ಲಿ ಮತ್ತೆ ಕ್ಯಾನ್ಸರ್ ಬಂದಿದ್ದು ನೂರಕ್ಕೆ 39 ಹೆಂಗಸರಿಗೆ. ರೇಡಿಯೇಷನ್ ಕೊಟ್ಟರೆ ನೂರಕ್ಕೆ 14. ಅಂದ್ರೆ ಎದೆ ಉಳಿಸಬೇಕಾದ್ರೆ ಕರೆಂಟ್ ಬೇಕು. ಕರೆಂಟ್ ಬೇಕಾದ್ರೆ ಮಷೀನ್ ಬೇಕು. ಮಷೀನ್ ಇರೋದು ದೊಡ್ಡ ಊರಲ್ಲಿ. ವಾರಕ್ಕೆ ಐದು ದಿನದ ಹಾಗೆ ಐದಾರು ವಾರ ಹೋಗಬೇಕು. ಅಲ್ಲಿಗೆ ಇದು ವೈದ್ಯಶಾಸ್ತ್ರದ ಪ್ರಶ್ನೆ ಆಗಿ ಉಳಿಯೋದೇ ಇಲ್ಲ, ಬಸ್ಸು, ರಸ್ತೆ, ಕೂಲಿ, ಮಕ್ಕಳನ್ನ ನೋಡಿಕೊಳ್ಳೋರು ಯಾರು ಅನ್ನೋ ಪ್ರಶ್ನೆ ಆಗುತ್ತೆ.

ಸರಿ, ಪ್ರಯೋಗದ ಉತ್ತರ ಬಂತು, ದೇಶಪೂರ್ತಿ ಬದಲಾಯ್ತಾ?

ವಿಸ್ಕಾನ್ಸಿನ್‌ನ ಡಾಕ್ಟರ್ ಆ್ಯನ್ ನ್ಯಾಟಿಂಗರ್ ಮತ್ತು ಜೊತೆಯವರು 1986ರ ಮೆಡಿಕೇರ್ ದಾಖಲೆಗಳನ್ನ ತೆಗೆದರು. ಮೆಡಿಕೇರ್ ಅಂದ್ರೆ ಅಲ್ಲಿ 65 ದಾಟಿದವರಿಗೆ ಕೇಂದ್ರ ಸರ್ಕಾರ ಕೊಡೋ ಆರೋಗ್ಯ ವಿಮೆ, ಎಲ್ಲ ರಾಜ್ಯಕ್ಕೂ ಒಂದೇ. ಸುಮಾರು 37 ಸಾವಿರ ಹೆಂಗಸರ ಲೆಕ್ಕ. 1992ರಲ್ಲಿ ಪ್ರಕಟ ಆಯ್ತು. ಮ್ಯಾಸಚೂಸೆಟ್ಸ್‌ನಲ್ಲಿ ನೂರಕ್ಕೆ 21 ಹೆಂಗಸರ ಎದೆ ಉಳಿಸಿದ್ರು. ಕೆಂಟಕಿಯಲ್ಲಿ ನೂರಕ್ಕೆ ಮೂರೂವರೆ. ವಿಮೆ ಒಂದೇ, ದೇಶ ಒಂದೇ, ಆ ವರ್ಷ ಒಂದೇ. ಕಾಯಿಲೆಯೂ ಅದೇ. ಆರು ಪಟ್ಟು ವ್ಯತ್ಯಾಸ.

ಈಶಾನ್ಯದ ಕಡೆ, ಅಂದ್ರೆ ನ್ಯೂಯಾರ್ಕ್, ಬಾಸ್ಟನ್ ಇರೋ ಭಾಗದಲ್ಲಿ ಜಾಸ್ತಿ. ದಕ್ಷಿಣದಲ್ಲಿ ಕಡಿಮೆ. ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ, ರೇಡಿಯೇಷನ್ ಅಲ್ಲೇ ಸಿಗೋ ಆಸ್ಪತ್ರೆ ಆದ್ರೆ ಜಾಸ್ತಿ. ಹಳ್ಳಿಗಾಡಿನಲ್ಲಿ ಕಡಿಮೆ.

ಡಾರ್ಟ್‌ಮತ್‌ನ ಜಾನ್ ವೆನ್‌ಬರ್ಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಈತ ಬಹಳ ಹಿಂದೆ, 1973ರಲ್ಲೇ, ವರ್ಮಾಂಟ್ ಅನ್ನೋ ಪುಟ್ಟ ರಾಜ್ಯದಲ್ಲಿ ಮಕ್ಕಳ ಟಾನ್ಸಿಲ್ ಆಪರೇಷನ್ ಲೆಕ್ಕ ಹಾಕಿದ್ದ. ಅಕ್ಕಪಕ್ಕದ ಊರುಗಳಲ್ಲೇ ಒಂದು ಕಡೆ ಬಹುಪಾಲು ಮಕ್ಕಳ ಟಾನ್ಸಿಲ್ ಕೀಳ್ತಿದ್ರೆ ಇನ್ನೊಂದು ಕಡೆ ಮುಟ್ಟೋರೇ ಕಡಿಮೆ. ಮಕ್ಕಳ ಗಂಟಲಲ್ಲಿ ವ್ಯತ್ಯಾಸ ಇರಲಿಲ್ಲ, ಆ ಊರಿನ ಡಾಕ್ಟರ ತಲೆಯಲ್ಲಿತ್ತು. ಅದೇ ವೆನ್‌ಬರ್ಗ್ 1996ರಲ್ಲಿ ದೇಶಪೂರ್ತಿ ನಕ್ಷೆಪುಸ್ತಕ ಹೊರಗೆ ತಂದ. 1992-93ರ ಲೆಕ್ಕ. ದಕ್ಷಿಣ ಡಕೋಟದ ರ‍್ಯಾಪಿಡ್ ಸಿಟಿ ಅನ್ನೋ ಊರಿನ ಸೀಮೆಯಲ್ಲಿ ಎದೆ ಉಳಿಸಿದ್ದು ನೂರಕ್ಕೆ 1.4. ಒಹಾಯೋದ ಎಲಿರಿಯಾದಲ್ಲಿ ನೂರಕ್ಕೆ 48.

ಎಲಿರಿಯಾ ಎಲ್ಲಿದೆ ಗೊತ್ತಾ? ಕ್ಲೀವ್‌ಲ್ಯಾಂಡ್‌ನಿಂದ 40 ಕಿಲೋಮೀಟರ್ ಒಳಗೆ. ಕ್ರೈಲ್ ಮೂವತ್ತು ನಲವತ್ತು ವರ್ಷ ಜಗಳ ಆಡಿದ ಊರಿನ ಪಕ್ಕ. ಒಂದು ಪರಂಪರೆ ಬಾಲ್ಟಿಮೋರ್‌ನಿಂದ ಹರಡಿದ ಹಾಗೆ, ಅದನ್ನ ಪ್ರಶ್ನೆ ಮಾಡಿದ ಅಭ್ಯಾಸವೂ ಸುತ್ತಮುತ್ತ ಹರಡಿತ್ತು ಅಂತ ನನ್ನ ಲೆಕ್ಕ. ಎಲಿರಿಯಾದ ಹೆಂಗಸು ಹೆಚ್ಚು ಬುದ್ಧಿವಂತೆ, ರ‍್ಯಾಪಿಡ್ ಸಿಟಿಯ ಹೆಂಗಸು ದಡ್ಡಿ ಅಂತಲ್ಲ. ಇವಳ ಮುಂದೆ ಕೂತ ಸರ್ಜನ್ ಒಂದು ಮಾತು ಹೇಳಿದ, ಅವಳ ಮುಂದೆ ಕೂತವನು ಇನ್ನೊಂದು ಹೇಳಿದ.

ಇಲ್ಲಿ ಒಂದು ಮಾತು. ನಮ್ಮ ಗೆಳೆಯರು ಕೆಲವರು ಈ ಅಂಕಿ ನೋಡಿದ ಕೂಡಲೇ ವರ್ಣಭೇದ ಅಂತ ಶೇರ್ ಮಾಡ್ತಾರೆ ಅಂತ ಗೊತ್ತು. ದಯವಿಟ್ಟು ನಿಧಾನ. ರ‍್ಯಾಪಿಡ್ ಸಿಟಿಯ ಸೀಮೆಯಲ್ಲೇ ಲಕೋಟ ಮೂಲನಿವಾಸಿಗಳ ಪೈನ್ ರಿಡ್ಜ್ ಇದೆ, ನಿಜ. ಆದರೆ ಆ 1.4 ಬರೀ ಅವರ ಲೆಕ್ಕ ಅಲ್ಲ. ಕೆಂಟಕಿ ಬಹುಪಾಲು ಬಿಳಿಯರ ರಾಜ್ಯ, ಅಲ್ಲಿ ಎದೆ ಕಳಕೊಂಡವರಲ್ಲಿ ಹೆಚ್ಚಿನವರು ಬಿಳಿ ಮುದುಕಿಯರೇ. ದೂರ ಮತ್ತು ಅಧಿಕಾರ ಅವರನ್ನೂ ಬಿಟ್ಟಿಲ್ಲ. ವರ್ಣದ ಲೆಕ್ಕ ಬೇರೆ ಕಡೆ ಇನ್ನೂ ಕ್ರೂರವಾಗಿ ಕಾಣುತ್ತೆ: ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯೋ ಕರಿಯ ಹೆಂಗಸರ ಪ್ರಮಾಣ ಬಿಳಿಯ ಹೆಂಗಸರಿಗಿಂತ ಶೇಕಡಾ 40ರಷ್ಟು ಜಾಸ್ತಿ, ಕಾಯಿಲೆ ಬರೋ ಪ್ರಮಾಣ ಸ್ವಲ್ಪ ಕಡಿಮೆ ಇದ್ದರೂ. 1980ರ ದಶಕದ ಶುರುವಿನವರೆಗೂ ಇಬ್ಬರ ಸಾವಿನ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು. ಅಂತರ ಅಗಲ ಆಗಿದ್ದು ಮ್ಯಾಮೊಗ್ರಾಮ್, ಟಾಮಾಕ್ಸಿಫೆನ್ ಥರದ ಒಳ್ಳೇ ಸವಲತ್ತು, ಔಷಧಿ ಬಂದ ಮೇಲೆ. ಕರಿಯ ಹೆಂಗಸರಲ್ಲಿ ಕಷ್ಟದ ಜಾತಿಯ ಗಂಟು ಜಾಸ್ತಿ ಅನ್ನೋದೂ ಒಂದು ಕಾರಣ, ಮುಚ್ಚಿಡೋದು ಬೇಡ. ಆದ್ರೆ ಹೊಸ ಔಷಧಿ ಬಂದಾಗ ಮೊದಲು ಯಾರ ಬಾಗಿಲಿಗೆ ಹೋಗುತ್ತೆ ಅನ್ನೋದು ಇನ್ನೊಂದು ಕಾರಣ. ನೀರಿನ ಟ್ಯಾಂಕರ್ ಕಥೆ ನಮಗೆ ಗೊತ್ತಿರೋದೇ.

ಬದಲಾವಣೆ ತಂದವರು ಬರೀ ಡಾಕ್ಟರುಗಳಲ್ಲ. ರೋಸ್ ಕುಶ್ನರ್ ಅಂತ ಒಬ್ಬ ಪತ್ರಕರ್ತೆ, ಮೇರಿಲ್ಯಾಂಡ್‌ನವಳು, ಹಾಲ್‌ಸ್ಟೆಡ್‌ನದೇ ರಾಜ್ಯ. 1974ರಲ್ಲಿ ತನಗೆ ಗಂಟು ಕಂಡಾಗ ಕೇಳಿದ್ದು ಒಂದೇ: ಮೊದಲು ಪರೀಕ್ಷೆ ಮಾಡಿ, ನನ್ನನ್ನ ಎಬ್ಬಿಸಿ, ಆಮೇಲೆ ನಾನು ತೀರ್ಮಾನ ಮಾಡ್ತೀನಿ. ಒಬ್ಬರಾದ ಮೇಲೆ ಒಬ್ಬ ಸರ್ಜನ್ ಆಗಲ್ಲ ಅಂದರು. ಹಾಲ್‌ಸ್ಟೆಡ್ ಆಪರೇಷನ್ ಬೇಡ, ಮಾಂಸಖಂಡ ಬಿಟ್ಟು ಎದೆ ಮಾತ್ರ ತೆಗೆಯಿರಿ ಅನ್ನೋಕೆ ಆಕೆ ನ್ಯೂಯಾರ್ಕ್ ರಾಜ್ಯದ ಬಫಲೋವರೆಗೆ ಹೋಗಬೇಕಾಯ್ತು. ಅದೇ ವರ್ಷ ಅಧ್ಯಕ್ಷ ಫೋರ್ಡ್‌ನ ಹೆಂಡತಿ ಬೆಟ್ಟಿ ಫೋರ್ಡ್‌ಗೂ ಗಂಟು. ಕುಶ್ನರ್ ನೇರವಾಗಿ ಶ್ವೇತಭವನಕ್ಕೆ ಫೋನ್ ಮಾಡಿ, ಒಂದೇ ಸಲಕ್ಕೆ ಎಲ್ಲ ಮುಗಿಸಬೇಡಿ, ಮೊದಲು ಆಕೆಯನ್ನ ಎಬ್ಬಿಸಿ ಅಂತ ಹೇಳೋಕೆ ನೋಡಿದಳು. ಅಧ್ಯಕ್ಷರು ಆಗಲೇ ತೀರ್ಮಾನ ಮಾಡಿಯಾಗಿದೆ ಅಂತ ಉತ್ತರ ಬಂತು. ದೇಶದ ಮೊದಲ ಮಹಿಳೆಯ ಎದೆಯ ಬಗ್ಗೆ ಗಂಡ ತೀರ್ಮಾನ ಮಾಡಿದ್ದ. ನಮ್ಮೂರಲ್ಲಿ ಹೆಬ್ಬೆಟ್ಟಿನ ಪಕ್ಕ ಗಂಡನ ಸಹಿ ಕೇಳ್ತಾರಲ್ಲ, ಅದರ ದೊಡ್ಡ ಮನೆ ರೂಪ.

1979ರಲ್ಲಿ ಒಂದೇ ಸಲಕ್ಕೆ ಮುಗಿಸೋ ಪದ್ಧತಿ ಬೇಡ ಅಂತ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಹೇಳಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ಕಾನೂನು ಮಾಡಿತು: ಬೇರೆ ಯಾವ ಚಿಕಿತ್ಸೆಗಳಿವೆ ಅಂತ ಡಾಕ್ಟರು ರೋಗಿಗೆ ಹೇಳಲೇಬೇಕು. ಇಂಥ ಕಾನೂನು ಮಾಡಿದ ಮೊದಲ ರಾಜ್ಯ ಅದು. ಆಮೇಲೆ ಕ್ಯಾಲಿಫೋರ್ನಿಯಾ, ಆಮೇಲೆ ಒಂದೊಂದೇ.

ಕಾನೂನಿನಿಂದ ಏನಾಯ್ತು? ಕಾನೂನು ಅಂದ್ರೆ ನಾವು ಜೀವ ಬಿಡೋ ಜನ, ಅದಕ್ಕೇ ಇದನ್ನ ಹೇಳಲೇಬೇಕು. ನ್ಯಾಟಿಂಗರ್ ಅವರೇ ಆಮೇಲೆ ಇದನ್ನೂ ಅಳೆದರು. ಕೆಲವು ರಾಜ್ಯಗಳಲ್ಲಿ ಕಾನೂನು ಬಂದ ಮೇಲೆ ಎದೆ ಉಳಿಸೋ ಆಪರೇಷನ್ ಸ್ವಲ್ಪ ಏರಿತು, ಕೆಲವು ತಿಂಗಳು. ಆಮೇಲೆ ಹಳೇ ದಾರಿಗೇ ಬಂತು. ಒಂದು ಕಾಗದ ಜಾಸ್ತಿ ಆಯ್ತು, ಅದಕ್ಕೂ ಸಹಿ ತಗೊಂಡರು. ಮಷೀನ್ ಹತ್ತಿರ ಬರಲಿಲ್ಲ, ಸರ್ಜನ್ ಬದಲಾಗಲಿಲ್ಲ. ಇನ್ನೊಂದು ಕಡೆ ನೋಡಿ: 1987ರಲ್ಲಿ ಆಗಿನ ಅಧ್ಯಕ್ಷನ ಹೆಂಡತಿ ನ್ಯಾನ್ಸಿ ರೇಗನ್ ಪೂರ್ತಿ ಎದೆ ತೆಗೆಸಿಕೊಂಡರು. ಮುಂದಿನ ಕೆಲವು ತಿಂಗಳು ದೇಶದಲ್ಲಿ ಎದೆ ಉಳಿಸೋ ಆಪರೇಷನ್ ಕಾಲು ಭಾಗ ಕುಸಿಯಿತು. ಅದರಲ್ಲೂ ಕಡಿಮೆ ಆದಾಯದ, ಕಡಿಮೆ ಓದಿದ ಊರುಗಳಲ್ಲಿ ಹೆಚ್ಚು. ಡಾಕ್ಟರು ಕೂತು ವಿವರಿಸದ ಕಡೆ ಟಿವಿ ನೋಡಿ ತೀರ್ಮಾನ ಮಾಡಬೇಕಾಗುತ್ತೆ.

ಈಗ ಆಡ್ರಿ ಲಾರ್ಡ್ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಕರಿಯ ಕವಿ, ಸ್ತ್ರೀವಾದಿ, ಸಲಿಂಗಿ ಹೆಣ್ಣುಮಗಳು. 1978ರಲ್ಲಿ ಎದೆ ತೆಗೆಸಿಕೊಂಡಳು. 1980ರಲ್ಲಿ ಅದರ ಬಗ್ಗೆ 'ದ ಕ್ಯಾನ್ಸರ್ ಜರ್ನಲ್ಸ್' ಅನ್ನೋ ಪುಸ್ತಕ ತಂದಳು. ಆಸ್ಪತ್ರೆಗೆ ಬಂದ ಸ್ವಯಂಸೇವಕಿ ಬ್ಲೌಸಿನೊಳಗೆ ಇಟ್ಟುಕೊಳ್ಳೋಕೆ ಉಣ್ಣೆ ತುಂಬಿದ ಒಂದು ತುಣುಕು ಕೊಟ್ಟಳು, ತೆಳು ಗುಲಾಬಿ ಬಣ್ಣದ್ದು. ಅದು ಯಾರ ಮೈ ಬಣ್ಣ? ಆಮೇಲೆ ಅದನ್ನ ಇಟ್ಟುಕೊಳ್ಳದೆ ಡಾಕ್ಟರ ಹತ್ತಿರ ಹೋದಾಗ ಅಲ್ಲಿನ ನರ್ಸ್ ಆಕ್ಷೇಪ ಮಾಡಿದಳು, ಬೇರೆ ರೋಗಿಗಳ ಮನಸ್ಸಿಗೆ ಒಳ್ಳೇದಲ್ಲ ಅಂತ. ನಮ್ಮ ದೊಡ್ಡವ್ವ ಹನ್ನೊಂದು ವರ್ಷದಿಂದ ರವಿಕೆ ಒಳಗೆ ಹಳೇ ಸೀರೆ ಚೂರು ಉಂಡೆ ಮಾಡಿ ಇಟ್ಟುಕೊಳ್ತಾಳೆ. ಕೆಲಸ ಮಾಡುವಾಗ ಜಾರುತ್ತೆ, ಸರಿ ಮಾಡಿಕೊಳ್ತಾಳೆ. ಮದುವೆ ಮನೆಗೆ ಹೋಗೋದನ್ನೇ ಕಮ್ಮಿ ಮಾಡಿದ್ದಾಳೆ.

ಲಾರ್ಡ್ ವಿಷಯದಲ್ಲಿ ನನಗೆ ಮುಖ್ಯ ಅನಿಸಿದ್ದು ಇದು: ಆಕೆ ಬೇರೆ ದಾರಿಗಳನ್ನೆಲ್ಲ ವಿಚಾರಿಸಿ, ಯೋಚನೆ ಮಾಡಿ, ತೆಗೆಸೋದೇ ಸರಿ ಅಂತ ತಾನೇ ತೀರ್ಮಾನ ಮಾಡಿದಳು. ಎದೆ ಪೂರ್ತಿ ತೆಗೆಯೋದು ಕೆಟ್ಟ ಚಿಕಿತ್ಸೆ ಅಂತ ಈ ಬರಹದಿಂದ ಯಾರೂ ತಿಳಕೋಬೇಡಿ. ಗಂಟು ದೊಡ್ಡದಿದ್ರೆ, ಹಲವು ಕಡೆ ಇದ್ರೆ, ಅದೇ ಬೇಕಾಗುತ್ತೆ. ಎಷ್ಟೋ ಹೆಂಗಸರು ಮತ್ತೆ ಬರೋ ಭಯ ಬೇಡ ಅಂತ ಅದನ್ನೇ ಕೇಳಿ ಪಡೀತಾರೆ. ದೊಡ್ಡವ್ವನಿಗೂ ಅದೇ ಸರಿ ಇತ್ತೋ ಏನೋ. ಆದರೆ ಆ ಡಾಕ್ಟರು ನನಗೆ ಕೊಟ್ಟ ಕಾರಣ ಗಂಟಿನ ಅಳತೆ ಅಲ್ಲ. ಇವರು ಬರಲ್ಲ ಅನ್ನೋದು.

ದೂರ ಅನ್ನೋದು ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. ಕೆನಡಾದವರು ಮತ್ತು ಇಂಗ್ಲೆಂಡಿನವರು ಪ್ರಯೋಗ ಮಾಡಿ, ಐದು ವಾರದ ಬದಲು ಮೂರು ವಾರದ ರೇಡಿಯೇಷನ್ ಕೊಟ್ಟರೂ ಅಷ್ಟೇ ಕೆಲಸ ಮಾಡುತ್ತೆ ಅಂತ ತೋರಿಸಿದ್ದಾರೆ. 2020ರಲ್ಲಿ ಇಂಗ್ಲೆಂಡಿನ ಇನ್ನೊಂದು ಪ್ರಯೋಗ ಒಂದೇ ವಾರಕ್ಕೆ, ಐದು ಸಲಕ್ಕೆ ಇಳಿಸಿತು. ಇಪ್ಪತ್ತೈದು ಸಲ ಎಲ್ಲಿ, ಐದು ಸಲ ಎಲ್ಲಿ? ಎಲ್ಲರಿಗೂ ಹೊಂದಲ್ಲ, ಯಾರಿಗೆ ಅಂತ ಡಾಕ್ಟರೇ ಹೇಳಬೇಕು. ಆದರೆ ಇವರು ಬರಲ್ಲ ಅನ್ನೋ ಮಾತಿಗೆ ಇದಕ್ಕಿಂತ ಒಳ್ಳೇ ಉತ್ತರ ನಾನು ಕಂಡಿಲ್ಲ. ಹೆಂಗಸು ಬರಲ್ಲ ಅಂತ ಬೈಯೋ ಬದಲು ಬರೋಕಾಗೋ ಹಾಗೆ ಚಿಕಿತ್ಸೆಯನ್ನೇ ಬದಲಾಯಿಸಿದರು.

ಭಾರತದ ಹೆಂಗಸರಲ್ಲಿ ಈಗ ಅತಿ ಹೆಚ್ಚು ಕಾಣೋ ಕ್ಯಾನ್ಸರ್ ಇದೇ. ಆಯುಷ್ಮಾನ್ ಕಾರ್ಡ್ ಇದೆ, ವರ್ಷಕ್ಕೆ ಒಂದು ಕುಟುಂಬಕ್ಕೆ ಐದು ಲಕ್ಷದವರೆಗೆ. ಒಳ್ಳೇದು. ಆದರೆ ಕೆಂಟಕಿಯ ಹೆಂಗಸಿನ ಹತ್ತಿರಾನೂ ಕಾರ್ಡ್ ಇತ್ತು. ಆರೋಗ್ಯ ಇಲಾಖೆಗೆ ಮನವಿ ಕೊಡುವಾಗ ನಾವು ಎಷ್ಟು ಕಾರ್ಡ್ ಕೊಟ್ಟಿರಿ ಅಂತ ಕೇಳ್ತೀವಿ. ಇನ್ನು ಮೇಲೆ ಜಿಲ್ಲೆವಾರು, ಜಾತಿವಾರು ಎಷ್ಟು ಹೆಂಗಸರಿಗೆ ಯಾವ ಆಪರೇಷನ್ ಆಯ್ತು, ಎಷ್ಟು ಜನ ಕರೆಂಟ್ ಪೂರ್ತಿ ಮುಗಿಸಿದ್ರು, ಅರ್ಧಕ್ಕೆ ಬಿಟ್ಟವರು ಯಾಕೆ ಬಿಟ್ಟರು ಅಂತ ಕೇಳಬೇಕು. ಆರ್‌ಟಿಐ ಹಾಕೋಕೆ ಗೊತ್ತಿರೋ ಗೆಳೆಯರು ಇನ್‌ಬಾಕ್ಸಿಗೆ ಬನ್ನಿ, ಪ್ರಶ್ನೆಗಳನ್ನ ಒಟ್ಟಿಗೆ ಕೂತು ಬರೆಯೋಣ.

ಹೋದ ವಾರ ನಮ್ಮ ಕೇರಿಯ ಇನ್ನೊಬ್ಬ ಅಕ್ಕ ಫೋನ್ ಮಾಡಿದ್ದಳು. ಬಲಗಡೆ ಗಂಟು, ಹುಣಸೇಬೀಜದಷ್ಟು. ಗಂಡನಿಗೆ ಇನ್ನೂ ಹೇಳಿಲ್ಲ. ದೊಡ್ಡವ್ವನೇ ಅವಳಿಗೆ ನನ್ನ ನಂಬರ್ ಕೊಟ್ಟಿದ್ದು. ಒಂದು ಹಾಳೆ ಮೇಲೆ ಬರೆದುಕೊಟ್ಟಿದ್ದೀನಿ: ಮೊದಲು ಪರೀಕ್ಷೆ ಮಾತ್ರ ಮಾಡ್ತೀರಾ? ಉಳಿಸೋಕೆ ಆಗುತ್ತಾ? ಆಗಲ್ಲ ಅಂದ್ರೆ ಯಾಕೆ? ಕರೆಂಟ್ ಎಷ್ಟು ದಿನ, ಮೂರು ವಾರದ್ದು ಆಗುತ್ತಾ, ಉಳಿಯೋಕೆ ಜಾಗ ಸಿಗುತ್ತಾ? ಅಕ್ಕನಿಗೆ ಓದೋಕೆ ಬರುತ್ತೆ, ಆದರೂ ಅಲ್ಲಿ ಹೋದಾಗ ಬಾಯಿ ಕಟ್ಟುತ್ತೆ ಅಂದಳು. ನಾನು ಬರ್ತೀನಿ ಅಂದಿದ್ದೀನಿ. ದೊಡ್ಡವ್ವನೂ ಬರ್ತಾಳಂತೆ, ಯಾಕೆ ಅಂತ ಕೇಳಿದ್ರೆ, "ನಾನು ಮುಂದ್ಗಡೆ ಕೂತ್ಕತೀನಿ, ನೋಡ್ಲಿ" ಅಂದಳು. ಗುರುವಾರ ಬೆಳಗ್ಗೆ ಮೊದಲ ಬಸ್ಸಿಗೆ ಹೊರಡ್ತೀವಿ.